ಗ್ರೀನ್ ಟೀ ಕಹಿಯಾಗದಿರಲು ನೀರಿನ ಹದ: ಥರ್ಮಾಮೀಟರ್ ಇಲ್ಲದೆ 75 ಡಿಗ್ರಿ ಹಿಡಿಯುವುದು ಹೇಗೆ?

‘ಯಾವ ಬ್ರಾಂಡ್ ತಂದರೂ ಕಷಾಯದಷ್ಟೇ ಕಹಿ.’ ‘ಜೇನುತುಪ್ಪ ಹಾಕದೆ ಗಂಟಲಲ್ಲಿ ಇಳಿಯುವುದೇ ಇಲ್ಲ.’ ‘ಪ್ಯಾಕೆಟ್ ಮೇಲೆ 80 ಡಿಗ್ರಿ ಅಂತ ಬರೆದಿದ್ದಾರೆ, ಮನೆಯಲ್ಲಿ ಅದನ್ನು ಅಳೆಯೋದು ಹೇಗೆ?’ ಗ್ರೀನ್ ಟೀ ಬಗ್ಗೆ ಓದುಗರು ಏನೇ ಕೇಳಲಿ, ಸುತ್ತಿ ಬಳಸಿ ಇಲ್ಲಿಗೇ ಬಂದು ನಿಲ್ಲುತ್ತದೆ. ಮೂರಕ್ಕೂ ಉತ್ತರ ನೀರಿನ ಬಿಸಿಯಲ್ಲಿದೆ. ಅದನ್ನು ಹಿಡಿಯಲು ಡಿಗ್ರಿ ತೋರಿಸುವ ಕೆಟಲ್ ಬೇಕೇ ಬೇಕು ಅಂತೇನಿಲ್ಲ. ಸ್ನಾನಕ್ಕೆ ಹಂಡೆಯ ನೀರಿಗೆ ತಣ್ಣೀರು ಬೆರಸಿ ಹದ ಮಾಡಿಕೊಳ್ಳುತ್ತೇವಲ್ಲ, ಅದನ್ನೇ ಇಲ್ಲಿ ಅಳತೆ ಇಟ್ಟು ಮಾಡಬೇಕು, ಅಷ್ಟೇ. ಕೆಳಗೆ ಡಿಗ್ರಿ ಎಂದಿರುವಲ್ಲೆಲ್ಲ ಸೆಲ್ಸಿಯಸ್ ಎಂದೇ ಓದಿಕೊಳ್ಳಿ.

ನೀರು ಸುಡುತ್ತಿದ್ದರೆ ಕಹಿ ಏಕೆ?

ನಾವು ದಿನಾ ಕುಡಿಯುವ ಕಪ್ಪು ಟೀಪುಡಿಯೂ ಗ್ರೀನ್ ಟೀಯೂ ಒಂದೇ ಗಿಡದ ಎಲೆ. ಕಪ್ಪು ಚಹಾಕ್ಕೆ ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಡುತ್ತಾರೆ. ಅದರೊಳಗಿನ ಕ್ಯಾಟೆಚಿನ್ ಎಂಬ ಒಗರು ಅಂಶಗಳಲ್ಲಿ ಹೆಚ್ಚಿನವು ಆಗಲೇ ಬೇರೆ ರೂಪಕ್ಕೆ ತಿರುಗಿ ಕಪ್ಪು ಬಣ್ಣ ಬರುತ್ತದೆ. ಗ್ರೀನ್ ಟೀಯಲ್ಲಿ ಕೊಯ್ದ ಎಲೆಗೆ ಬೇಗನೆ ಹಬೆ ಕೊಟ್ಟು (ಜಪಾನಿನ ಪದ್ಧತಿ) ಅಥವಾ ಬಾಣಲೆಯಲ್ಲಿ ಹುರಿದು (ಚೀನಾದ ಪದ್ಧತಿ) ಆ ಬದಲಾವಣೆಯನ್ನು ಅಲ್ಲಿಗೇ ತಡೆಯುತ್ತಾರೆ. ಹಾಗಾಗಿ ಎಲೆಯೂ ಹಸಿರಾಗಿ ಉಳಿಯುತ್ತದೆ, ಕ್ಯಾಟೆಚಿನ್‌ಗಳೂ ಹಾಗೇ ಉಳಿಯುತ್ತವೆ.

ಎಲೆಯಲ್ಲಿ ಇನ್ನೊಂದು ಮುಖ್ಯ ಅಂಶವಿದೆ, ಥಿಯನೀನ್. ಇದೊಂದು ಅಮೈನೋ ಆಮ್ಲ. ಗ್ರೀನ್ ಟೀಯ ಆ ನವಿರಾದ ಸಿಹಿ, ಬೇಳೆಕಟ್ಟಿನಂಥ ತುಂಬು ರುಚಿ ಬರುವುದು ಬಹುಪಾಲು ಇದರಿಂದ. ಥಿಯನೀನ್ 50–60 ಡಿಗ್ರಿ ನೀರಿಗೂ ಸಲೀಸಾಗಿ ಇಳಿಯುತ್ತದೆ. ಕ್ಯಾಟೆಚಿನ್ ಮತ್ತು ಕೆಫೀನ್ ಹಾಗಲ್ಲ, ನೀರು ಬಿಸಿಯಾದಷ್ಟೂ ಬೇಗ, ಹೆಚ್ಚು ಇಳಿಯುತ್ತವೆ. ಕುದಿಯುವ ನೀರು ಸುರಿದಾಗ ಸಿಹಿ ಇಳಿಯುವುದಿಲ್ಲ ಅಂತಲ್ಲ. ಅದರ ಮೇಲೆ ಕಹಿ, ಒಗರು ಬಂದು ಕೂತು ಮುಚ್ಚಿಬಿಡುತ್ತವೆ. ಹಾಲು ಹಾಕಿದ ಚಹಾದಲ್ಲಿ ಈ ಒಗರು ತಿಳಿಯದೇ ಇರುವುದಕ್ಕೆ ಕಾರಣ ಹಾಲಿನ ಪ್ರೋಟೀನು. ಅದು ಒಗರನ್ನು ಕಟ್ಟಿಹಾಕುತ್ತದೆ. ಗ್ರೀನ್ ಟೀಗೆ ಆ ರಕ್ಷಣೆ ಇಲ್ಲ.

ಇಲ್ಲಿ ಒಂದು ಆಕ್ಷೇಪ ಯಾವಾಗಲೂ ಬರುತ್ತದೆ: ‘ನಾವು ಗ್ರೀನ್ ಟೀ ಕುಡಿಯೋದೇ ಆ ಕ್ಯಾಟೆಚಿನ್‌ಗಾಗಿ. ನೀರು ಆರಿಸಿದರೆ ಗುಣವೂ ಕಡಿಮೆ ಆಗಲ್ವಾ?’ ಒಂದು ಲೋಟದ ಲೆಕ್ಕದಲ್ಲಿ ನೋಡಿದರೆ ಕಡಿಮೆಯಾಗುವುದು ನಿಜ. ಆದರೆ ಕುಡಿಯಲಾಗದೆ ಅರ್ಧ ಲೋಟ ಸಿಂಕಿಗೆ ಸುರಿದರೆ ಯಾವ ಲಾಭವೂ ಇಲ್ಲ. 75 ಡಿಗ್ರಿಯಲ್ಲಿ ಒಮ್ಮೆ ಇಳಿಸಿ, ಅದೇ ಎಲೆಗೆ ಇನ್ನಷ್ಟು ಬಿಸಿ ನೀರು ಹಾಕಿ ಎರಡನೇ ಲೋಟ ಮಾಡಿಕೊಳ್ಳಿ. ಎಲೆಯಲ್ಲಿ ಉಳಿದದ್ದು ಅದರಲ್ಲಿ ಬರುತ್ತದೆ.

ಬೇಕಾದ ಸಾಮಾನು

ನೀರು ಕಾಯಿಸಲು ಪಾತ್ರೆ ಅಥವಾ ಎಲೆಕ್ಟ್ರಿಕ್ ಕೆಟಲ್. ಮಿಲಿಲೀಟರ್ ಗೆರೆ ಇರುವ ಅಳತೆ ಲೋಟ. ಇಲ್ಲದಿದ್ದರೆ 15 ಮಿ.ಲೀ. ಹಿಡಿಯುವ ಟೇಬಲ್ ಸ್ಪೂನ್ ಸಾಕು, ನಾಲ್ಕು ಚಮಚಕ್ಕೆ 60 ಮಿ.ಲೀ. ಟೀ ಸೋಸುವ ಜಾಲರಿ. ಗಡಿಯಾರ ಅಥವಾ ಫೋನಿನ ಟೈಮರ್. 1 ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಇದ್ದರೆ ಒಳ್ಳೆಯದು. ಕಾಯಿಸಿ ಆರಿಸಿದ ಅಥವಾ ಫಿಲ್ಟರ್ ಆದ ಒಂದು ಲೋಟ ತಣ್ಣೀರನ್ನು ಮೊದಲೇ ಪಕ್ಕದಲ್ಲಿಟ್ಟುಕೊಳ್ಳಿ.

ಹಂತ 1: ನಿಮ್ಮ ಎಲೆ ಯಾವುದು, ಅದಕ್ಕೆ ಎಷ್ಟು ಡಿಗ್ರಿ?

ಎಲ್ಲ ಗ್ರೀನ್ ಟೀಗೂ ಒಂದೇ ಹದ ಹೊಂದುವುದಿಲ್ಲ. ಅಂಗಡಿಯಲ್ಲಿ ಸಿಗುವವುಗಳನ್ನು ಹೀಗೆ ಗುಂಪು ಮಾಡಿಕೊಳ್ಳಬಹುದು.

ಟೀ ಬ್ಯಾಗ್: 75 ಡಿಗ್ರಿ. ಚೀಲದೊಳಗೆ ಇರುವುದು ಸಾಮಾನ್ಯವಾಗಿ ಎಲೆಯ ಚೂರು, ಪುಡಿ. ಚೂರು ಸಣ್ಣದಾದಷ್ಟೂ ನೀರಿಗೆ ತಾಗುವ ಮೈ ಹೆಚ್ಚು, ರಸ ಇಳಿಯುವ ವೇಗವೂ ಹೆಚ್ಚು. ಆದ್ದರಿಂದಲೇ ಟೀ ಬ್ಯಾಗ್ ಎಲ್ಲಕ್ಕಿಂತ ಬೇಗ ಕಹಿಯಾಗುತ್ತದೆ. ಕೆಲವು ಪ್ಯಾಕೆಟ್‌ಗಳ ಮೇಲೆ ‘ಕುದಿಯುವ ನೀರು ಹಾಕಿ’ ಎಂದೇ ಅಚ್ಚಾಗಿರುತ್ತದೆ. ರುಚಿಯ ಮಟ್ಟಿಗೆ ಆ ಸೂಚನೆಯನ್ನು ಪಕ್ಕಕ್ಕಿಡಿ.

ಕಾಂಗ್ಡಾ, ಡಾರ್ಜಿಲಿಂಗ್, ನೀಲಗಿರಿಯ ಬಿಡಿ ಎಲೆ: 75ರಿಂದ 80.

ಚೀನಾದ ಬಾಣಲೆಯಲ್ಲಿ ಹುರಿದ ಎಲೆ: ಹಾಂಗ್‌ಝೌ ಊರಿನ ಲಾಂಗ್‌ಜಿಂಗ್, ಗುಂಡುಗುಂಡಾಗಿ ಸುತ್ತಿದ ಗನ್‌ಪೌಡರ್ ಇವಕ್ಕೆ 80ರಿಂದ 85. ಹುರಿದ ಎಲೆ ಹಬೆ ಕೊಟ್ಟ ಎಲೆಗಿಂತ ತುಸು ಹೆಚ್ಚು ಬಿಸಿ ತಡೆಯುತ್ತದೆ. ಇದಕ್ಕೆ ಅಪವಾದ ಬಿಲುವೋಚುನ್‌ನಂಥ ಎಳೆ ಚಿಗುರು. ಅದಕ್ಕೆ 75 ಸಾಕು. ಅದನ್ನು ಮಾಡುವಾಗ ಚೀನೀಯರು ಲೋಟಕ್ಕೆ ಮೊದಲು ನೀರು ಹಾಕಿ, ಮೇಲಿಂದ ಎಲೆ ಉದುರಿಸುತ್ತಾರೆ. ಬಿಸಿನೀರಿನ ಧಾರೆ ನೇರವಾಗಿ ಚಿಗುರಿನ ಮೇಲೆ ಬೀಳಬಾರದೆಂದು.

ಜಪಾನಿನ ಸೆಂಚಾ: 70ರಿಂದ 80. ಎಲೆ ಒಳ್ಳೆಯದಾದಷ್ಟೂ ಕೆಳಗಿನ ಅಂಕಿಯ ಕಡೆಗೆ ಹೋಗಿ.

ಗ್ಯೋಕುರೊ: 50ರಿಂದ 60. ಕೊಯ್ಲಿಗೆ ಮುಂಚೆ ಸುಮಾರು ಮೂರು ವಾರ ಗಿಡಗಳಿಗೆ ನೆರಳು ಕಟ್ಟಿ ಬೆಳೆಸುವ ಎಲೆ ಇದು. ಬಿಸಿಲು ಬಿದ್ದರೆ ಎಲೆಯ ಥಿಯನೀನ್ ಕ್ಯಾಟೆಚಿನ್ ಆಗುವ ಹಾದಿ ಹಿಡಿಯುತ್ತದೆ. ನೆರಳಿನಲ್ಲಿ ಥಿಯನೀನ್ ಆಗಿಯೇ ಉಳಿಯುತ್ತದೆ. ಇಷ್ಟು ಶ್ರಮ ಪಟ್ಟು ಉಳಿಸಿದ್ದನ್ನು ಕುದಿನೀರಿನಲ್ಲಿ ಮುಳುಗಿಸುವುದು ದುಡ್ಡು ದಂಡ.

ಹೋಜಿಚಾ (ಕಂದು ಬಣ್ಣಕ್ಕೆ ಹುರಿದ ಎಲೆ) ಮತ್ತು ಗೆನ್‌ಮಾಯ್‌ಚಾ (ಹುರಿದ ಅಕ್ಕಿ ಸೇರಿಸಿದ್ದು): 90ರ ಮೇಲೆ. ಹುರಿದ ಘಮ ಏಳಬೇಕಾದರೆ ನೀರು ಬಿಸಿ ಇರಲೇಬೇಕು. ಇವೆರಡಕ್ಕೆ ಮುಂದಿನ ಬೆರಕೆ ಲೆಕ್ಕದ ಗೊಡವೆ ಬೇಡ.

ನಿಮ್ಮ ಎಲೆ ಯಾವುದೆಂದೇ ಗೊತ್ತಿಲ್ಲವೇ? 75ರಿಂದ ಶುರು ಮಾಡಿ. ಸಪ್ಪೆ ಎನಿಸಿದರೆ ಮರುದಿನ 80.

ಹಂತ 2: ನಿಮ್ಮ ಊರಿನಲ್ಲಿ ನೀರು ಎಷ್ಟಕ್ಕೆ ಕುದಿಯುತ್ತದೆ?

ನೀರು 100 ಡಿಗ್ರಿಗೆ ಕುದಿಯುವುದು ಸಮುದ್ರಮಟ್ಟದಲ್ಲಿ. ಮೇಲೇರಿದಂತೆ ಗಾಳಿಯ ಒತ್ತಡ ಇಳಿದು, ಸುಮಾರು 300 ಮೀಟರಿಗೆ 1 ಡಿಗ್ರಿಯಂತೆ ಕುದಿಯುವ ಬಿಂದುವೂ ಇಳಿಯುತ್ತದೆ. ಮಂಗಳೂರು, ಕಾರವಾರದಲ್ಲಿ 100. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97. ಮಡಿಕೇರಿಯಲ್ಲಿ 96ರ ಹತ್ತಿರ. 2,200 ಮೀಟರ್ ದಾಟಿದ ಊಟಿಯಲ್ಲಿ 93ಕ್ಕೂ ಚೂರು ಕಡಿಮೆ. ಎಷ್ಟೇ ಹೊತ್ತು ಒಲೆಯ ಮೇಲಿಟ್ಟರೂ ತೆರೆದ ಪಾತ್ರೆಯ ನೀರು ಇದಕ್ಕಿಂತ ಮೇಲೆ ಹೋಗುವುದಿಲ್ಲ.

ಬೆರಕೆಯ ಲೆಕ್ಕಕ್ಕೆ ಬೇಕಾದ ಗಟ್ಟಿ ಆಧಾರ ಇದೇ. ಗಳಗಳ ಕುದಿಯುತ್ತಿರುವ ನೀರಿನ ಬಿಸಿ ನಿಮಗೆ ಅಳೆಯದೆಯೇ ಗೊತ್ತು. ಅರ್ಧ ಕಾದ ನೀರಿನದು ಯಾರಿಗೂ ಗೊತ್ತಿಲ್ಲ.

ಹಂತ 3: ನೀರನ್ನು ಪೂರ್ತಿ ಕುದಿಸಿ

80 ಡಿಗ್ರಿ ಬೇಕೆಂದು 80ಕ್ಕೇ ಒಲೆ ಆರಿಸಲು ಹೋಗಬೇಡಿ. ದೊಡ್ಡ ಗುಳ್ಳೆಗಳು ಪಾತ್ರೆಯ ತುಂಬ ಉಕ್ಕಿ ಬರುವವರೆಗೆ ಕುದಿಸಿ. ಕುಡಿಯುವ ನೀರಿನ ಬಗ್ಗೆ ಅನುಮಾನವಿದ್ದರೆ ಇದರಿಂದ ಅದೂ ಪರಿಹಾರ.

ಯಾವ ನೀರು? ಕಾವೇರಿ ನೀರು ಬರುವ ಮನೆಗಳಲ್ಲಿ ಸಮಸ್ಯೆ ಕಡಿಮೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಗ್ರೀನ್ ಟೀ ಮಂಕಾಗಿ, ಕಂದಾಗಿ ಕಾಣುತ್ತದೆ. ಆರುತ್ತಿದ್ದಂತೆ ಮೇಲೆ ಎಣ್ಣೆಯಂಥ ತೆಳು ಪೊರೆ ಕಟ್ಟುವುದೂ ಉಂಟು. ಅದು ಎಣ್ಣೆ ಅಲ್ಲ. ನೀರಿನ ಸುಣ್ಣದ ಅಂಶ ಚಹಾದ ಅಂಶಗಳ ಜೊತೆ ಸೇರಿ ಕಟ್ಟಿದ ಕೆನೆ. ಕೆಟಲ್ ತಳದಲ್ಲಿ ಬಿಳಿ ಪದರ ಕೂರುತ್ತಿದ್ದರೆ ನಿಮ್ಮದು ಅಂಥದೇ ನೀರು. ಆಗ ಆರ್‌ಒ ನೀರು ಬಳಸಿ. ಆದರೆ ಖನಿಜಾಂಶ ತೀರಾ ಕಡಿಮೆ ಇರುವ ಆರ್‌ಒ ನೀರಿನಲ್ಲಿ ಚಹಾ ಸಪ್ಪೆಯಾಗುತ್ತದೆ. ಹಾಗನ್ನಿಸಿದರೆ ಮಾಮೂಲಿ ಫಿಲ್ಟರ್ ನೀರನ್ನು ಕಾಲು ಭಾಗ ಬೆರಸಿ ನೋಡಿ.

ಗೀಸರ್ ನೀರು ಮಾತ್ರ ಬೇಡವೇ ಬೇಡ. ‘ಹೇಗೂ 60–70 ಡಿಗ್ರಿ ಇರುತ್ತಲ್ಲ’ ಎಂದು ಅದನ್ನೇ ಹಿಡಿಯುವವರಿದ್ದಾರೆ. ಗೀಸರ್ ತೊಟ್ಟಿಯೊಳಗೆ ಗಸಿ ಕೂತಿರುತ್ತದೆ, ತೊಟ್ಟಿ ತುಕ್ಕು ಹಿಡಿಯದಂತೆ ಕರಗುತ್ತಾ ಹೋಗುವ ಲೋಹದ ಸರಳೂ ಇರುತ್ತದೆ. ಅದು ಕುಡಿಯುವ ನೀರಲ್ಲ.

ಮೈಕ್ರೋವೇವ್ ಕೂಡ ಈ ಕೆಲಸಕ್ಕೆ ಸರಿಹೊಂದದು. ನೀರು ಮೇಲೊಂದು ಬಿಸಿ ಕೆಳಗೊಂದು ಬಿಸಿ ಇರುತ್ತದೆ. ನಯವಾದ ಕಪ್ಪಿನಲ್ಲಿ ಗುಳ್ಳೆಯೇ ಏಳದೆ ಕುದಿಬಿಂದು ದಾಟಿದ ನೀರು, ಚಮಚ ಅಥವಾ ಟೀ ಬ್ಯಾಗ್ ಇಳಿಸಿದ ತಕ್ಷಣ ಭುಗ್ಗನೆ ಉಕ್ಕಿ ಕೈ ಸುಡುತ್ತದೆ.

ಹಂತ 4: ಅಳೆದು ಬೆರಸಿ

ಇಡೀ ಕೆಲಸದ ಜೀವಾಳ ಈ ಹಂತ. ಬೆಂಗಳೂರು, ಮೈಸೂರು, ಹಾಸನದಂಥ ಊರಿನಲ್ಲಿ, ಕುದಿ ನೀರು 97 ಡಿಗ್ರಿ, ಕೋಣೆಯ ತಣ್ಣೀರು 25 ಡಿಗ್ರಿ ಎಂದಿಟ್ಟುಕೊಂಡು, 200 ಮಿ.ಲೀ. ಒಂದು ಲೋಟಕ್ಕೆ ಲೆಕ್ಕ ಹೀಗೆ:

85 ಡಿಗ್ರಿಗೆ: ಕುದಿ ನೀರು 165, ತಣ್ಣೀರು 35 ಮಿ.ಲೀ.
80ಕ್ಕೆ: ಕುದಿ ನೀರು 150, ತಣ್ಣೀರು 50
75ಕ್ಕೆ: ಕುದಿ ನೀರು 140, ತಣ್ಣೀರು 60
70ಕ್ಕೆ: ಕುದಿ ನೀರು 125, ತಣ್ಣೀರು 75
60ಕ್ಕೆ: ಕುದಿ ನೀರು 100, ತಣ್ಣೀರು 100

ಅಳತೆ ಲೋಟ ಇಲ್ಲದವರು ಪಾಲಿನ ಲೆಕ್ಕ ನೆನಪಿಟ್ಟುಕೊಳ್ಳಿ. ಮೂರು ಪಾಲು ಕುದಿ ನೀರಿಗೆ ಒಂದು ಪಾಲು ತಣ್ಣೀರು ಹಾಕಿದರೆ 80ರ ಆಸುಪಾಸು. ಸಮ ಸಮ ಹಾಕಿದರೆ 60. ಟೀ ಬ್ಯಾಗ್‌ಗೆ ಬೇಕಾದ 75ಕ್ಕೆ 200 ಮಿ.ಲೀ. ಲೋಟದಲ್ಲಿ ನಾಲ್ಕು ಟೇಬಲ್ ಸ್ಪೂನ್ ತಣ್ಣೀರು, ಉಳಿದದ್ದು ಕುದಿ ನೀರು.

ಕರಾವಳಿಯಲ್ಲಿ ಕುದಿ ನೀರೂ ಹೆಚ್ಚು ಬಿಸಿ, ತಣ್ಣೀರೂ ಅಷ್ಟು ತಣ್ಣಗಿರುವುದಿಲ್ಲ. ಅಲ್ಲಿ 75ಕ್ಕೆ 130 ಕುದಿ ನೀರು, 70 ತಣ್ಣೀರು ಎಂದಿಟ್ಟುಕೊಳ್ಳಿ.

‘ಕಲಬುರಗಿಯ ಬೇಸಿಗೆಯಲ್ಲಿ ತಣ್ಣೀರೇ 35 ಡಿಗ್ರಿ ಇರುತ್ತೆ, ಆಗ?’ ತಲೆಕೆಡಿಸಿಕೊಳ್ಳಬೇಕಿಲ್ಲ. ತಣ್ಣೀರಿನ ಪಾಲು ಕಾಲು ಭಾಗ ಮಾತ್ರ. ಅದು 10 ಡಿಗ್ರಿ ಏರಿದರೂ ಬೆರಕೆ ಏರುವುದು ಎರಡೂವರೆ ಡಿಗ್ರಿ. ಇನ್ನೊಂದು ಚಮಚ ತಣ್ಣೀರು ಸೇರಿಸಿದರೆ ಮುಗಿಯಿತು. ಫ್ರಿಜ್ ನೀರು ಬಳಸಿದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಬೆರಕೆ 4–5 ಡಿಗ್ರಿಯಷ್ಟು ಕೆಳಗಿಳಿಯುತ್ತದೆ. ಆದ್ದರಿಂದ ಕೋಣೆಯ ನೀರನ್ನೇ ಬಳಸಿ.

ಹಾಕುವ ಕ್ರಮ ಬಹಳ ಮುಖ್ಯ. ಮೊದಲು ತಣ್ಣೀರು, ಅದರ ಮೇಲೆ ಕುದಿ ನೀರು, ಕೊನೆಗೆ ಎಲೆ ಅಥವಾ ಟೀ ಬ್ಯಾಗ್. ಬಿಸಿ ನೀರಿನ ಧಾರೆಯ ರಭಸಕ್ಕೆ ಎರಡೂ ತಾವೇ ಬೆರೆಯುತ್ತವೆ. ಎಲೆಯ ಮೇಲೆ ಕುದಿ ನೀರು ಸುರಿದು ‘ಆಮೇಲೆ ತಣ್ಣೀರು ಹಾಕಿದರಾಯಿತು’ ಎಂದರೆ ಕೆಲಸ ಕೆಟ್ಟಂತೆಯೇ. ಮೊದಲ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಇಳಿದ ಕಹಿ ಮತ್ತೆ ಎಲೆಗೆ ವಾಪಸು ಹೋಗುವುದಿಲ್ಲ.

ಇನ್ನೊಂದು ಎಚ್ಚರಿಕೆ: ಬೆರಸುವ ತಣ್ಣೀರು ನಲ್ಲಿಯಿಂದ ನೇರ ಹಿಡಿದದ್ದಾಗಬಾರದು. 75 ಡಿಗ್ರಿಯಲ್ಲಿ ಎರಡು ನಿಮಿಷ ನಿಂತ ನೀರನ್ನು ‘ಕಾಯಿಸಿದ ನೀರು’ ಎಂದು ನಂಬಿ ಕುಡಿಯುವುದು ಸರಿಯಲ್ಲ.

ಹಂತ 5: ಪಾತ್ರೆ ಕದಿಯುವ ಬಿಸಿ

ಲೆಕ್ಕ ಸರಿ ಇದ್ದರೂ ಒಂದು ದಿನ ಚೆನ್ನಾಗಿ, ಒಂದು ದಿನ ಸಪ್ಪೆಯಾಗಿ ಬರುತ್ತಿದ್ದರೆ ಪಾತ್ರೆಯ ಕಡೆ ನೋಡಿ. ಕಾಲು ಕಿಲೋ ತೂಗುವ ದಪ್ಪ ಪಿಂಗಾಣಿ ಮಗ್‌ಗೆ 200 ಮಿ.ಲೀ. ಬಿಸಿನೀರು ಸುರಿದರೆ ಮಗ್ ತಾನು ಕಾಯುವಷ್ಟರಲ್ಲಿ 10 ಡಿಗ್ರಿಗೂ ಹೆಚ್ಚು ನುಂಗಿಬಿಡಬಲ್ಲದು. ತೆಳು ಸ್ಟೀಲ್ ಲೋಟ ನುಂಗುವುದು ಅದರ ಅರ್ಧಕ್ಕಿಂತ ಕಡಿಮೆ. ಹೀಗಾಗಿ ಬೆರಸುವುದನ್ನು ಸ್ಟೀಲ್ ಲೋಟದಲ್ಲಿ ಮಾಡಿ. ಪಿಂಗಾಣಿ ಮಗ್ ಅಥವಾ ಟೀ ಪಾಟ್‌ನಲ್ಲೇ ಎಲೆ ನೆನೆಸುವುದಾದರೆ ಅದಕ್ಕೆ ಮೊದಲು ಸ್ವಲ್ಪ ಬಿಸಿನೀರು ಹಾಕಿ, ಅಲುಗಾಡಿಸಿ ಚೆಲ್ಲಿ. ಪಾತ್ರೆಯ ಹೊರಮೈ ಅಂಗೈಗೆ ಬೆಚ್ಚಗೆ ತಾಗಬೇಕು.

ಸ್ಟೀಲ್ ಲೋಟದಲ್ಲೂ ಹಬೆಯಾಗಿ ಹೋಗುವ ಬಿಸಿ ಸೇರಿ ಲೆಕ್ಕಕ್ಕಿಂತ 3–4 ಡಿಗ್ರಿ ಕೆಳಗೇ ಬರುತ್ತದೆ. ಗ್ರೀನ್ ಟೀಯಲ್ಲಿ 4 ಡಿಗ್ರಿ ಕೆಳಗೆ ತಪ್ಪುವುದು 4 ಡಿಗ್ರಿ ಮೇಲೆ ತಪ್ಪುವುದಕ್ಕಿಂತ ವಾಸಿ.

ಹಂತ 6: ಎಲೆಯ ತೂಕ ಮತ್ತು ಸಮಯ

200 ಮಿ.ಲೀ. ನೀರಿಗೆ 2 ಗ್ರಾಂ ಎಲೆ. ಚಮಚದ ಅಳತೆ ಇಲ್ಲಿ ಮೋಸ ಮಾಡುತ್ತದೆ. ಗುಂಡು ಸುತ್ತಿದ ಗನ್‌ಪೌಡರ್ ಎಲೆ ಒಂದು ಟೀ ಚಮಚಕ್ಕೆ 3 ಗ್ರಾಂ ದಾಟಬಹುದು. ಉದ್ದುದ್ದ, ಹಗುರ ಎಲೆ ಅದೇ ಚಮಚಕ್ಕೆ 1 ಗ್ರಾಂ ಬಂದರೆ ಹೆಚ್ಚು. ಹೊಸ ಪ್ಯಾಕೆಟ್ ಒಡೆದಾಗ ಒಮ್ಮೆ ತೂಗಿ, ನಿಮ್ಮ ಚಮಚಕ್ಕೆ ಎಷ್ಟು ಬರುತ್ತದೆಂದು ಡಬ್ಬಿಯ ಮೇಲೆ ಬರೆದಿಟ್ಟುಕೊಳ್ಳಿ.

ಟೀ ಬ್ಯಾಗ್ ಒಂದೂವರೆಯಿಂದ ಎರಡು ನಿಮಿಷ. ಸೆಂಚಾ ಒಂದರಿಂದ ಒಂದೂವರೆ ನಿಮಿಷ. ಚೀನಾದ ಅಥವಾ ನಮ್ಮ ಬಿಡಿ ಎಲೆ ಎರಡರಿಂದ ಮೂರು ನಿಮಿಷ. ಗ್ಯೋಕುರೊ ಮಾಡುವ ಕ್ರಮವೇ ಬೇರೆ: 5 ಗ್ರಾಂ ಎಲೆಗೆ 60–80 ಮಿ.ಲೀ. ನೀರು, ಎರಡು ನಿಮಿಷ; ಕುಡಿಯುವುದೂ ಪುಟ್ಟ ಬಟ್ಟಲಿನಲ್ಲಿ, ಗುಟುಕು ಗುಟುಕಾಗಿ.

ಸಮಯವೂ ಬಿಸಿಯೂ ತಕ್ಕಡಿಯ ಎರಡು ತಟ್ಟೆ ಇದ್ದಂತೆ. ನೀರು ತುಸು ಹೆಚ್ಚು ಬಿಸಿಯಾಯಿತೆಂದು ಗೊತ್ತಾದರೆ ಅರ್ಧ ನಿಮಿಷ ಮೊದಲೇ ಸೋಸಿ, ಬಹುಪಾಲು ಬಚಾವಾಗಬಹುದು. ಆದರೆ ಟೀ ಬ್ಯಾಗನ್ನು ಲೋಟದಲ್ಲೇ ಬಿಟ್ಟು ಮೊಬೈಲ್ ನೋಡುತ್ತಾ ಕೂತರೆ 70 ಡಿಗ್ರಿ ನೀರೂ ಕಾಪಾಡದು. ತೆಗೆಯುವಾಗ ಚೀಲವನ್ನು ಚಮಚಕ್ಕೆ ಸುತ್ತಿ ಹಿಂಡಬೇಡಿ. ಕೊನೆಗೆ ಬೀಳುವ ಆ ನಾಲ್ಕು ಹನಿಯಲ್ಲಿ ಇರುವುದು ಗಟ್ಟಿ ಒಗರು.

ಚಹಾ ಕಂಪನಿಗಳಲ್ಲಿ ರುಚಿ ನೋಡುವ ಪರಿಣತರು 100 ಮಿ.ಲೀ. ಕುದಿ ನೀರಿಗೆ 2 ಗ್ರಾಂ ಎಲೆ ಹಾಕಿ 6 ನಿಮಿಷ ಬಿಡುವುದನ್ನು ಕೆಲವರು ನೋಡಿರಬಹುದು. ಅದು ಐಎಸ್‌ಒ 3103 ಎಂಬ ಅಂತಾರಾಷ್ಟ್ರೀಯ ಮಾನದಂಡ. ಬೇರೆ ಬೇರೆ ಎಲೆಗಳನ್ನು ಒಂದೇ ಅಳತೆಯಲ್ಲಿ ಹೋಲಿಸಿ, ದೋಷವಿದ್ದರೆ ಎದ್ದು ಕಾಣಲಿ ಎಂದು ಮಾಡಿದ ಕ್ರಮ. ಮನೆಯಲ್ಲಿ ಕುಡಿಯಲು ಅದನ್ನು ಅನುಸರಿಸುವವರು ಎಲೆಯ ದೋಷಗಳನ್ನೇ ಹುಡುಕಿ ಕುಡಿದಂತೆ.

ಹಂತ 7: ಸೋಸಿ, ಮತ್ತೆ ಅದೇ ಎಲೆ

ಸೋಸುವಾಗ ಕೊನೆಯ ಹನಿಯವರೆಗೆ ಬಸಿಯಿರಿ. ಪಾಟ್‌ನ ತಳದಲ್ಲಿ ಉಳಿದ ನೀರಿನಲ್ಲಿ ಎಲೆ ನೆನೆಯುತ್ತಲೇ ಇರುತ್ತದೆ, ಎರಡನೇ ಲೋಟ ಕಹಿಯಾಗುವುದು ಅದರಿಂದಲೇ. ಮುಚ್ಚಳವನ್ನೂ ತೆಗೆದಿಡಿ, ಇಲ್ಲವಾದರೆ ಒಳಗಿನ ಹಬೆಗೆ ಎಲೆ ಬೆಂದು ಬಾಡುತ್ತದೆ.

ಒಳ್ಳೆಯ ಬಿಡಿ ಎಲೆ ಎರಡು, ಮೂರು ಸಲ ಬರುತ್ತದೆ. ಎರಡನೇ ಸಲ ನೀರು 5–10 ಡಿಗ್ರಿ ಹೆಚ್ಚು ಬಿಸಿ ಇರಲಿ. ಸೆಂಚಾ ಆದರೆ ಎರಡನೇ ಸಲಕ್ಕೆ 15–30 ಸೆಕೆಂಡ್ ಸಾಕು, ಎಲೆ ಆಗಲೇ ಅರಳಿರುತ್ತದೆ. ಟೀ ಬ್ಯಾಗ್‌ಗೆ ಎರಡನೇ ಸಲದ ಆಸೆ ಬೇಡ.

ಬೇರೆ ದಾರಿಗಳು, ಅವು ಎಲ್ಲಿ ಕೈಕೊಡುತ್ತವೆ

*ಕಾದು ಆರಿಸುವುದು.* ‘ಕುದಿಸಿ ಐದು ನಿಮಿಷ ಬಿಡಿ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಆದರೆ ಮುಚ್ಚಿದ ಕೆಟಲ್‌ನಲ್ಲಿ 1 ಲೀಟರ್ ನೀರು ಹತ್ತು ನಿಮಿಷದ ಮೇಲೂ 90ರ ಆಸುಪಾಸಿನಲ್ಲೇ ಇರುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಲೋಟ ನೀರು, ಮೇಲೆ ಫ್ಯಾನ್ ತಿರುಗುತ್ತಿದ್ದರೆ, ಅಷ್ಟರಲ್ಲಿ 70ಕ್ಕಿಂತ ಕೆಳಗೂ ಇಳಿದಿರಬಹುದು. ಪಾತ್ರೆ, ನೀರಿನ ಪ್ರಮಾಣ, ಗಾಳಿ ಮೂರೂ ಹೇಳದೆ ‘ಐದು ನಿಮಿಷ’ ಎಂದರೆ ಅರ್ಥವಿಲ್ಲ.

*ಲೋಟದಿಂದ ಲೋಟಕ್ಕೆ.* ಕಾಫಿ ಆರಿಸುವಂತೆ ಎರಡು ಲೋಟಗಳ ನಡುವೆ ಸುರಿಯುವುದು. ಜಪಾನಿನಲ್ಲಿ ಇದಕ್ಕೆಂದೇ ಯುಝಾಮಾಶಿ ಎಂಬ ಮೂತಿಯಿರುವ ಬಟ್ಟಲಿದೆ. ಕುದಿ ನೀರನ್ನು ಮೊದಲು ಅದಕ್ಕೆ ಹಾಕಿ, ಆಮೇಲೆ ಪಾಟ್‌ಗೆ ಹಾಕುತ್ತಾರೆ. ತಣ್ಣಗಿರುವ ಒಂದೊಂದು ಹೊಸ ಪಾತ್ರೆಗೆ ಸುರಿದಾಗಲೂ ನೀರು 5ರಿಂದ 10 ಡಿಗ್ರಿ ಇಳಿಯುತ್ತದೆ. ನಮ್ಮ ಕಾಫಿ ಲೋಟಗಳೂ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಒಂದೇ ತೊಡಕು: ಅದೇ ಎರಡು ಲೋಟಕ್ಕೆ ಮತ್ತೆ ಮತ್ತೆ ಸುರಿದರೆ ಲೋಟಗಳೂ ಬಿಸಿಯಾಗಿ ಇಳಿಕೆ ಕಡಿಮೆಯಾಗುತ್ತದೆ. ಎತ್ತಿ ಹೊಯ್ದಷ್ಟೂ ಹೆಚ್ಚು ಆರುತ್ತದೆಂಬುದೂ ನಿಜವೇ. ಅಷ್ಟೆಲ್ಲ ಸಾಹಸ ಬೇಡ ಎನ್ನುವವರಿಗೆ ಬೆರಕೆಯೇ ಸುಲಭ.

*ಗುಳ್ಳೆ ನೋಡಿ ಹೇಳುವುದು.* 8ನೇ ಶತಮಾನದ ಚೀನಾದಲ್ಲಿ ಲು ಯು ಎಂಬಾತ ನೀರಿನ ಮೊದಲ ಕುದಿಯನ್ನು ಮೀನಿನ ಕಣ್ಣಿನಂಥ ಗುಳ್ಳೆಗಳಿಂದ ಗುರುತಿಸಿದ್ದ. ಇಂದಿಗೂ ಅಲ್ಲಿ ಸೀಗಡಿ ಕಣ್ಣು, ಏಡಿ ಕಣ್ಣು, ಮೀನಿನ ಕಣ್ಣು ಎಂದು ಗುಳ್ಳೆಯ ಗಾತ್ರ ನೋಡಿ ಬಿಸಿ ಹೇಳುವ ರೂಢಿಯಿದೆ. ವರ್ಷಗಟ್ಟಲೆ ಒಂದೇ ಪಾತ್ರೆ, ಒಂದೇ ಒಲೆ ಬಳಸಿದವರಿಗೆ ಅದು ಒಲಿಯುತ್ತದೆ. ಹೊಸಬರನ್ನು ಮಾತ್ರ ದಾರಿ ತಪ್ಪಿಸುತ್ತದೆ. ಕಾರಣ, ಪಾತ್ರೆಯ ತಳಕ್ಕೆ ಅಂಟಿ ಮೊದಲು ಕಾಣುವ ಸಣ್ಣ ಗುಳ್ಳೆಗಳು ಹಬೆಯದಲ್ಲ, ನೀರಿನಲ್ಲಿ ಕರಗಿದ್ದ ಗಾಳಿಯವು. ಅವು 50–60 ಡಿಗ್ರಿಗೇ ಕಾಣಿಸಿಕೊಳ್ಳಬಹುದು. ಒಮ್ಮೆ ಕುದಿಸಿ ಆರಿಸಿದ ನೀರಿನಲ್ಲಿ ಆ ಗಾಳಿ ಹೋಗಿರುವುದರಿಂದ ಅವು ಕಾಣುವುದೂ ಕಷ್ಟ. ಗುಳ್ಳೆಗಿಂತ ಕೆಟಲ್‌ನ ಸದ್ದು ಎಷ್ಟೋ ವಾಸಿ. ಕುದಿಗೆ ಮುಂಚೆ ಸುಂಯ್ ಎಂಬ ಸದ್ದು ಏರುತ್ತಾ ಹೋಗಿ, ಕುದಿ ಬರುವ ಹೊತ್ತಿಗೆ ತಗ್ಗುತ್ತದೆ. ತಳದಲ್ಲಿ ಹುಟ್ಟಿದ ಹಬೆಯ ಗುಳ್ಳೆ ಮೇಲಿನ ತಂಪು ನೀರಿಗೆ ತಾಗಿ ಒಡೆಯುವ ಸದ್ದು ಅದು. ಜೋರಾಗಿ ಕೇಳಿತೆಂದರೆ ಗ್ರೀನ್ ಟೀಯ ಹದ ಆಗಲೇ ದಾಟಿರುತ್ತದೆ.

*ಥರ್ಮಾಮೀಟರ್.* ಕೊಳ್ಳುವುದಾದರೆ ಅಡುಗೆಗೆಂದೇ ಮಾರುವ, ಉದ್ದ ಸ್ಟೀಲ್ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಜ್ವರ ನೋಡುವುದು 42 ಡಿಗ್ರಿಯ ಆಚೆ ತೋರಿಸುವುದಿಲ್ಲ, ಗಾಜಿನದಾದರೆ ಬಿಸಿನೀರಿನಲ್ಲಿ ಒಡೆದೇ ಹೋಗುತ್ತದೆ. ಹಣೆಗೆ ಹಿಡಿಯುವ ಗನ್ ಕೂಡ ಮೈ ಬಿಸಿಗೆಂದು ಮಾಡಿದ್ದು. ಕಾರ್ಖಾನೆಗಳಲ್ಲಿ ಬಳಸುವ ಇನ್ಫ್ರಾರೆಡ್ ಗನ್ ಇದ್ದರೂ ಹೊಳೆಯುವ ಸ್ಟೀಲಿಗೆ ಹಿಡಿದರೆ ಸುಳ್ಳು ಅಂಕಿ ತೋರಿಸುತ್ತದೆ. ನೀರಿನ ಮೇಲ್ಮೈಗೆ ಹಿಡಿದರೂ ಹಬೆಯಾಡುವ ಮೇಲ್ಪದರ ಒಳಗಿನ ನೀರಿಗಿಂತ ತಂಪಾಗಿರುತ್ತದೆ. ಕಡ್ಡಿಯ ಥರ್ಮಾಮೀಟರ್ ತಂದ ದಿನ ಪುಡಿ ಐಸ್ ತುಂಬಿದ ನೀರಿನಲ್ಲಿ 0, ಕುದಿ ನೀರಿನಲ್ಲಿ ನಿಮ್ಮ ಊರಿನ ಅಂಕಿ ತೋರಿಸುತ್ತದೆಯೇ ಎಂದು ಪರೀಕ್ಷಿಸಿ. ಬೆಂಗಳೂರಿನಲ್ಲಿ 97 ತೋರಿಸಿತೆಂದು ‘ಕೆಟ್ಟ ಮಾಲು’ ಎಂದು ವಾಪಸು ಕೊಡಬೇಡಿ, ಅದು ಸರಿಯಾಗಿಯೇ ಇದೆ.

*ಆಫೀಸಿನ ಡಿಸ್ಪೆನ್ಸರ್.* ಅದರ ಬಿಸಿ ನಲ್ಲಿಯಲ್ಲಿ ಬರುವುದು ಸಾಮಾನ್ಯವಾಗಿ 85–90 ಡಿಗ್ರಿ. ಅದಕ್ಕೆ ಮೇಲಿನ ಲೆಕ್ಕ ಹಾಕಿದರೆ ನೀರು ತೀರಾ ಆರುತ್ತದೆ. 160 ಬಿಸಿ, 40 ತಣ್ಣೀರು ಹಾಕಿದರೆ 75ರ ಹತ್ತಿರ ಬರುತ್ತದೆ. ಕಾಗದದ ಕಪ್ ಬಿಸಿಯನ್ನು ಹೆಚ್ಚು ನುಂಗುವುದಿಲ್ಲ.

ರುಚಿ ಕೆಟ್ಟಾಗ ಏನು ಬದಲಿಸಬೇಕು?

ನಾಲಿಗೆಗೆ ಕಹಿ, ಜೊತೆಗೆ ಕಾಯಿ ಬಾಳೆ ಕಚ್ಚಿದಂತೆ ಬಾಯಿ ಒಣಗಿದ ಅನುಭವ: ಮೊದಲು ಬಿಸಿಯನ್ನು 5 ಡಿಗ್ರಿ ಇಳಿಸಿ, ಅಂದರೆ ಲೋಟಕ್ಕೆ ಒಂದು ಟೇಬಲ್ ಸ್ಪೂನ್ ತಣ್ಣೀರು ಹೆಚ್ಚು ಹಾಕಿ, ಕುದಿ ನೀರು ಅಷ್ಟೇ ಕಡಿಮೆ ಮಾಡಿ. ಆಗಲೂ ಕಹಿ ಎನಿಸಿದರೆ ಸಮಯ ಕಡಿಮೆ ಮಾಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಬರೀ ಬಿಸಿನೀರು ಕುಡಿದಂತೆ ಸಪ್ಪೆ: ಎಲೆ ಕಡಿಮೆ ಅಥವಾ ಮಗ್ ತಣ್ಣಗಿತ್ತು. ಬಿಸಿ ಏರಿಸುವ ಮೊದಲು ಎಲೆಯನ್ನು ಅರ್ಧ ಗ್ರಾಂ ಹೆಚ್ಚಿಸಿ ನೋಡಿ.

ಕಹಿಯಿಲ್ಲ, ಆದರೆ ಒಣ ಹುಲ್ಲಿನ ವಾಸನೆ, ಬಣ್ಣವೂ ಕಂದು: ಎಲೆ ಹಳೆಯದು. ಇದಕ್ಕೆ ನೀರಿನ ಹದದಲ್ಲಿ ಮದ್ದಿಲ್ಲ. ಗ್ರೀನ್ ಟೀಯನ್ನು ಗಾಳಿಯಾಡದ ಡಬ್ಬಿಯಲ್ಲಿ, ಬೆಳಕು, ಒಲೆಯ ಬಿಸಿ, ಮಸಾಲೆ ಡಬ್ಬಿ ಮೂರರಿಂದಲೂ ದೂರ ಇಡಿ. ಮಲೆನಾಡಿನ ಮಳೆಗಾಲದಲ್ಲಿ ಬಾಯಿ ತೆರೆದ ಪ್ಯಾಕೆಟ್ ಬಹುಬೇಗ ಹಾಳಾಗುತ್ತದೆ.

ನೀರು 75 ಡಿಗ್ರಿ ಇದ್ದರೂ ಕುಡಿಯುವಾಗ ಅಷ್ಟು ಬಿಸಿ ಇರಬೇಕಿಲ್ಲ. 65 ಡಿಗ್ರಿ ದಾಟಿದ ಪಾನೀಯ ಕುಡಿಯುವ ಅಭ್ಯಾಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಗುಂಪಿಗೆ ಸೇರಿಸಿದೆ. ಸೋಸಿದ ಮೇಲೆ ಎರಡು ಮೂರು ನಿಮಿಷ ಆರಲು ಬಿಡಿ. ಜೇನು, ನಿಂಬೆ ಹಾಕುವವರು ಹಾಕುವುದೂ ಆಗಲೇ. ನಿಂಬೆ ಬಿದ್ದೊಡನೆ ಬಣ್ಣ ತಿಳಿಯಾಗುವುದು ಹುಳಿಯಿಂದ, ಅದರಲ್ಲಿ ಕೆಡುಕೇನಿಲ್ಲ.

‘ಕಾಶ್ಮೀರದವರು ಗ್ರೀನ್ ಟೀ ಎಲೆಯನ್ನು ಗಂಟೆಗಟ್ಟಲೆ ಕುದಿಸುತ್ತಾರಲ್ಲ’ ಎಂದು ಕೇಳುವವರಿಗೆ: ಅದು ನೂನ್ ಚಾಯ್. ಎಲೆಯನ್ನು ಅಡುಗೆ ಸೋಡಾ ಹಾಕಿ ಕುದಿಸಿ, ಉಪ್ಪು, ಹಾಲು ಸೇರಿಸಿ ಗುಲಾಬಿ ಬಣ್ಣಕ್ಕೆ ತರುವ ಬೇರೆಯೇ ಪಾನೀಯ. ಅದರ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಇಷ್ಟೆಲ್ಲ ಅಳೆಯುವ ತಾಳ್ಮೆ ಇಲ್ಲದವರಿಗೆ ಬಿಸಿಯ ಹದವೇ ಬೇಡದ ದಾರಿಯೂ ಒಂದಿದೆ. ಕಾಯಿಸಿ ಪೂರ್ತಿ ಆರಿಸಿದ 1 ಲೀಟರ್ ನೀರಿಗೆ 8–10 ಗ್ರಾಂ ಬಿಡಿ ಎಲೆ ಅಥವಾ 5–6 ಟೀ ಬ್ಯಾಗ್ ಹಾಕಿ, ಮುಚ್ಚಿ, ಫ್ರಿಜ್‌ನಲ್ಲಿಡಿ. ಆರು ಗಂಟೆ ಬಿಟ್ಟು ಸೋಸಿ. ಕಹಿ ಹೆಚ್ಚಾಗಿ ಎಲೆಯಲ್ಲೇ ಉಳಿದು ಸಿಹಿ ಮಾತ್ರ ಇಳಿದಿರುತ್ತದೆ, ಕೆಫೀನೂ ಕಡಿಮೆ. ಹೊರಗೆ ಅಡುಗೆಕಟ್ಟೆಯ ಮೇಲಿಟ್ಟು ನೆನೆಸಬೇಡಿ. ಸೋಸಿದ್ದನ್ನು ಮರುದಿನದೊಳಗೆ ಕುಡಿದು ಮುಗಿಸಿ.